ಬರ್ಲಿನ್‌ನಲ್ಲಿ ಒಬ್ಬರೇ ಮೊದಲ ದಿನಗಳು: ನಮ್ಮ ತುಮಕೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಲ ರಜೆಗೆ ತುಮಕೂರಿಗೆ ಬಂದಿದ್ದಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತಿದ್ದೆ. ಅಮ್ಮನ ಪರಿಚಯದವರೊಬ್ಬರು ಮಗಳ ಜೊತೆ ಬಂದು ಎದುರಿಗೆ ಕೂತರು. ಅವಳಿಗೆ ಬರ್ಲಿನ್‌ನಲ್ಲಿ ಸೀಟು ಸಿಕ್ಕಿದೆ. ವೀಸಾ, ಬ್ಯಾಂಕ್ ಸಾಲ, ಬ್ಲಾಕ್ಡ್ ಅಕೌಂಟ್ (ವೀಸಾಕ್ಕಾಗಿ ಮೊದಲೇ ದುಡ್ಡು ತುಂಬಿಡುವ ಖಾತೆ) ಎಲ್ಲಾ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಕೈ ತೊಳೆಯುವಾಗ ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದಳು: "ಅಕ್ಕಾ, ಇಳಿದ ಮೇಲೆ ಮೊದಲ ದಿನ ಎಲ್ಲಿಗೆ ಹೋಗೋದು?"

ನಿಂತಲ್ಲೇ ಉತ್ತರ ಹೇಳೋಕೆ ಆಗಲಿಲ್ಲ. ಆಮೇಲೆ ಅವಳ ಗೆಳತಿಯರು, ನನ್ನ ಚಿಕ್ಕಪ್ಪನ ಮಗ, ಗುಬ್ಬಿ ಕಡೆಯ ಇಬ್ಬರು ಹುಡುಗರು, ಎಲ್ಲರೂ ವಾಟ್ಸಾಪ್‌ನಲ್ಲಿ ಹೆಚ್ಚು ಕಡಿಮೆ ಅದೇ ಪ್ರಶ್ನೆಗಳನ್ನು ಕಳಿಸಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ನಾನು ಎರಡು ವರ್ಷದಿಂದ ಬರ್ಲಿನ್‌ನಲ್ಲಿ ಓದುತ್ತಿದ್ದೇನೆ. ಹಾಗಾಗಿ ಟಿಕೆಟ್, ಬಸ್ ನಂಬರ್ ಎಲ್ಲಾ ಆ ಊರಿನದು.

ನಮ್ಮ ಕಡೆಯವರ ಗುಂಪೇ ಇದೆಯಂತಲ್ಲ, ಒಬ್ಬಳೇ ಯಾಕೆ ಸುತ್ತಬೇಕು?

ಗುಂಪು ಇರಲಿ. ಏರ್‌ಪೋರ್ಟಿನಿಂದ ಕರೆದುಕೊಂಡು ಬರುತ್ತಾರೆ, ಮೊದಲ ರಾತ್ರಿ ಅನ್ನ ಸಾರು ಹಾಕುತ್ತಾರೆ, ಅದರ ಬೆಲೆ ಕಟ್ಟೋಕೆ ಆಗಲ್ಲ. ಆದರೆ ಇನ್ನೊಬ್ಬರ ಬೆನ್ನ ಹಿಂದೆ ನಡೆದರೆ ದಾರಿ ತಲೆಗೆ ಹತ್ತುವುದಿಲ್ಲ. ಮೊದಲ ನಾಲ್ಕು ದಿನ ನಾನು ದಾವಣಗೆರೆ ಕಡೆಯ ಒಬ್ಬ ಸೀನಿಯರ್ ಜೊತೆಗೇ ಓಡಾಡಿದೆ. ಐದನೇ ದಿನ ಅವರಿಗೆ ಕ್ಲಾಸ್ ಇತ್ತು. ಮನೆ ಬಾಗಿಲಿಗೆ ಬಂದು ನಿಂತರೆ ಸ್ಟೇಷನ್ ಎಡಕ್ಕಾ ಬಲಕ್ಕಾ ಅನ್ನೋದೇ ಗೊತ್ತಾಗಲಿಲ್ಲ. ಅದೇ ದಾರಿಯಲ್ಲಿ ಕಡಿಮೆ ಅಂದರೂ ಎಂಟು ಸಲ ಹೋಗಿ ಬಂದಿದ್ದೆ.

ಚಿಕ್ಕವಳಿದ್ದಾಗ ಅಪ್ಪನ ಸ್ಕೂಟರ್ ಹಿಂದೆ ಕೂತು ದಿನಾ ಬಟವಾಡಿಗೆ ಹೋಗುತ್ತಿದ್ದೆ. ಸೈಕಲ್ ಕೊಡಿಸಿದ ಮೇಲೇ ಆ ದಾರಿ ನನ್ನದಾಗಿದ್ದು. ಇದೂ ಹಾಗೇ. ಮೊದಲ ವಾರದಲ್ಲಿ ದಿನಕ್ಕೆ ಎರಡು ಗಂಟೆಯಾದರೂ ಒಬ್ಬರೇ ನಡೆಯಿರಿ. ಈ ಪೇಜಿನಲ್ಲಿ ಬೇರೇನು ಮರೆತರೂ ಇದೊಂದನ್ನು ಮರೀಬೇಡಿ.

ಏರ್‌ಪೋರ್ಟಿನಲ್ಲಿ ಯಾವ ಟಿಕೆಟ್ ತಗೋಬೇಕು?

ಎ-ಬಿ-ಸಿ ಟಿಕೆಟ್. ಬರ್ಲಿನ್ ಅನ್ನು ಮೂರು ವಲಯ ಮಾಡಿದ್ದಾರೆ. ಊರಿನ ನಡುಭಾಗವನ್ನು ಸುತ್ತುವ ರೈಲು ಹಳಿಯ ಒಳಗಿನದು ಎ, ಅಲ್ಲಿಂದ ಊರಿನ ಗಡಿವರೆಗೆ ಬಿ, ಗಡಿಯಾಚೆಗೆ ಸಿ. 2020ರಲ್ಲಿ ಶುರುವಾದ ಹೊಸ ಏರ್‌ಪೋರ್ಟ್ ಸಿ ವಲಯದಲ್ಲಿದೆ. ಊರೊಳಗೆ ಎಲ್ಲರೂ ಎ-ಬಿ ಟಿಕೆಟ್ ಬಗ್ಗೆಯೇ ಮಾತಾಡುವುದರಿಂದ ಹೊಸಬರು ಅದನ್ನೇ ತಗೊಂಡು ರೈಲು ಹತ್ತಿಬಿಡುತ್ತಾರೆ. ತಪಾಸಣೆಗೆ ಬಂದರೆ ಅದು ಟಿಕೆಟ್ ಇಲ್ಲದೆ ಹೋದ ಲೆಕ್ಕ.

ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದ ಜೊತೆಗೇ ಓಡಾಟದ ಟಿಕೆಟ್ ಬರುತ್ತೆ. ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರ್ 1ಕ್ಕೆ. ಸೆಪ್ಟೆಂಬರ್‌ನಲ್ಲೇ ಇಳಿದರೆ ಅಲ್ಲಿಯವರೆಗೆ ಕೈಯಿಂದ ದುಡ್ಡು ಕೊಟ್ಟೇ ಓಡಾಡಬೇಕು, ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡಿರಿ.

ಅಲ್ಲಿ ಸ್ಟೇಷನ್‌ಗೆ ಗೇಟೇ ಇಲ್ಲವಂತೆ, ಹೌದಾ?

ಹೌದು. ನಮ್ಮ ಮೆಟ್ರೋ ತರ ಕಾರ್ಡ್ ತೋರಿಸಿ ಒಳಗೆ ಹೋಗುವ ಗೇಟ್ ಇಲ್ಲ. ನೇರವಾಗಿ ಮೆಟ್ಟಿಲಿಳಿದು ರೈಲು ಹತ್ತಬಹುದು. ಹಾಗಂತ ಯಾರೂ ನೋಡಲ್ಲ ಅಂದುಕೊಳ್ಳಬೇಡಿ. ಟಿಕೆಟ್ ನೋಡುವವರು ಮಾಮೂಲಿ ಬಟ್ಟೆಯಲ್ಲಿ ಇರುತ್ತಾರೆ, ಬಾಗಿಲು ಮುಚ್ಚಿದ ಮೇಲೆ ಎದ್ದು ನಿಲ್ಲುತ್ತಾರೆ.

ಎರಡನೇ ವಾರದಲ್ಲಿ ನನಗೆ ಆಗಿದ್ದು ಹೇಳುತ್ತೇನೆ. ಮಷೀನಿನಲ್ಲಿ ಪೇಪರ್ ಟಿಕೆಟ್ ತಗೊಂಡಿದ್ದೆ, ದುಡ್ಡೂ ಕೊಟ್ಟಿದ್ದೆ, ಟಿಕೆಟ್ ಕೈಯಲ್ಲೇ ಇತ್ತು. ಆದರೆ ಪ್ಲಾಟ್‌ಫಾರ್ಮಿನಲ್ಲಿರುವ ಚಿಕ್ಕ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಿರಲಿಲ್ಲ. ಮುದ್ರೆಯಲ್ಲಿ ದಿನ, ಸಮಯ ಬೀಳದಿದ್ದರೆ ಆ ಟಿಕೆಟ್ಟಿಗೆ ಜೀವ ಬಂದಿಲ್ಲ ಅಂತ ಲೆಕ್ಕ. 60 ಯೂರೋ ದಂಡ. ಎಷ್ಟು ಹೇಳಿದರೂ ಕೇಳಲಿಲ್ಲ. ಅವತ್ತು ರಾತ್ರಿ ಆ ದುಡ್ಡನ್ನು ರೂಪಾಯಿಗೆ ತಿರುಗಿಸಿ ನೋಡಿ ಅತ್ತಿದ್ದೇನೆ. ಟಿಕೆಟ್ ತಗೊಂಡ ತಕ್ಷಣ ಆ ಪೆಟ್ಟಿಗೆ ಎಲ್ಲಿದೆ ನೋಡಿ.

ಒಂದು ಸಿಂಗಲ್ ಟಿಕೆಟ್ ಎರಡು ಗಂಟೆ ನಡೆಯುತ್ತೆ, ಎಷ್ಟು ಸಲ ಬೇಕಾದರೂ ಬದಲಿಸಬಹುದು. ಆದರೆ ಒಂದೇ ದಿಕ್ಕಿಗೆ. ಅದರಲ್ಲೇ ವಾಪಸ್ ಬರುವಂತಿಲ್ಲ. ಮೂರೇ ಸ್ಟೇಷನ್ ಹೋಗೋದಿದ್ದರೆ "ಕುರ್ತ್ಸ್‌ಶ್ಟ್ರೆಕೆ" ಅಂತ ಕಡಿಮೆ ಬೆಲೆಯ ಟಿಕೆಟ್ ಇದೆ. ಬಸ್ಸು, ಟ್ರಾಮ್ ಆದರೆ ಆರು ಸ್ಟಾಪ್. ಇನ್ನೊಂದು ಸಣ್ಣ ವಿಷಯ. ರೈಲಿನ ಬಾಗಿಲು ಬಹಳ ಕಡೆ ತಾನಾಗಿ ತೆರೆಯಲ್ಲ, ಬಟನ್ ಒತ್ತಬೇಕು. ನಾನು ಸುಮ್ನೆ ನಿಂತು ಒಂದು ರೈಲು ಬಿಟ್ಟಿದ್ದೇನೆ.

ಮೊದಲ ದಿನ ಎಲ್ಲಿಗೆ ಹೋಗೋದು?

ಎಲ್ಲಿಗೂ ದೂರ ಹೋಗಬೇಡಿ. ಮನೆ ಸುತ್ತ ನಾಲ್ಕು ಬೀದಿ ನಡೆಯಿರಿ. ದಿನಸಿ ಅಂಗಡಿ ಎಲ್ಲಿ, ಔಷಧಿ ಅಂಗಡಿ ಎಲ್ಲಿ, ಬಸ್ ಸ್ಟಾಪಿನ ಹೆಸರೇನು, ಬ್ರೆಡ್ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತೆ. ಔಷಧಿ ಅಂಗಡಿಗೆ ಕೆಂಪು ಬಣ್ಣದ ದೊಡ್ಡ "ಎ" ಅಕ್ಷರ ಇರುತ್ತೆ, ದೂರದಿಂದಲೇ ಕಾಣುತ್ತೆ. ಒಂದು ಸಲ ಫೋನ್ ನೋಡಿಕೊಂಡು ಸುತ್ತಿ. ಎರಡನೇ ಸಲ ಫೋನ್ ಜೇಬಿನಲ್ಲಿಟ್ಟು ಅದೇ ಸುತ್ತು ಹಾಕಿ.

ಶನಿವಾರ ರಾತ್ರಿ ಇಳಿಯುವವರು ಮಾತ್ರ ಇದನ್ನು ಗಮನವಿಟ್ಟು ಓದಿ. ಭಾನುವಾರ ಅಲ್ಲಿ ಅಂಗಡಿ ಇರುವುದಿಲ್ಲ. ದೊಡ್ಡ ಸೂಪರ್ ಮಾರ್ಕೆಟ್‌ಗಳೂ ಮುಚ್ಚಿರುತ್ತವೆ. ನಮ್ಮ ಬಿ.ಎಚ್. ರಸ್ತೆ ಭಾನುವಾರ ಸಂಜೆ ಹೇಗೆ ಗಿಜಿಗುಡುತ್ತೆ ಗೊತ್ತಲ್ವಾ, ಅದರ ಪೂರ್ತಿ ಉಲ್ಟಾ. ಮುಖ್ಯ ರೈಲು ನಿಲ್ದಾಣದ ಒಳಗಿನ ಅಂಗಡಿಗಳು ತೆರೆದಿರುತ್ತವೆ. "ಶ್ಪೇಟಿ" ಅಂತ ಕರೆಯುವ ಬೀದಿ ಮೂಲೆಯ ಚಿಕ್ಕ ಅಂಗಡಿಗಳಲ್ಲೂ ಬಿಸ್ಕತ್ತು, ಹಾಲು ಸಿಗಬಹುದು, ಬೆಲೆ ಜಾಸ್ತಿ. ಅಕ್ಟೋಬರ್ 3 ಕೂಡ ಸಾರ್ವಜನಿಕ ರಜೆ, ಜರ್ಮನಿ ಒಂದಾದ ದಿನ. ಬ್ಯಾಗಿನಲ್ಲಿ ಎರಡು ಹೊತ್ತಿಗೆ ಆಗುವಷ್ಟು ಅವಲಕ್ಕಿ ಇಟ್ಟುಕೊಂಡು ಹೋಗಿ.

ನೀರಿಗೆ ಚಿಂತೆ ಬೇಡ. ನಲ್ಲಿ ನೀರನ್ನೇ ಕುಡಿಯಬಹುದು.

ವಿಳಾಸ ಹುಡುಕೋದು ಕಷ್ಟವಾ? ಫೋನಿನಲ್ಲಿ ಮ್ಯಾಪ್ ಇದೆಯಲ್ಲ?

ಮ್ಯಾಪ್ ಬೀದಿವರೆಗೆ ಕರೆದುಕೊಂಡು ಹೋಗುತ್ತೆ. ಆಮೇಲೆ ಇದೆ ಕಷ್ಟ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಬಾಡಿಗೆ ರೂಮ್ ನೋಡೋಕೆ ಅಂತ ಒಂದು ಬೀದಿಗೆ ಹೋಗಿದ್ದೆ. ಫೋನಿನ ಚಾರ್ಜ್ ಮುಗಿದಿತ್ತು. ಮನೆ ನಂಬರ್ ಚೀಟಿಯಲ್ಲಿ ಬರೆದುಕೊಂಡಿದ್ದೆ, ಸಾಕು ಅಂದುಕೊಂಡೆ. ಒಂದು ಕಡೆ ಸಮ ಸಂಖ್ಯೆ, ಎದುರು ಕಡೆ ಬೆಸ ಸಂಖ್ಯೆ ಇರುತ್ತೆ ಅಂತ ನನ್ನ ಲೆಕ್ಕ. ಇಲ್ಲಿ ನೋಡಿದರೆ ಒಂದೇ ಬದಿಯಲ್ಲಿ 1, 2, 3, 4 ಅಂತ ಸಾಲಾಗಿ ಇವೆ. ಎದುರು ಬದಿಯಲ್ಲಿ ನೂರರ ಮೇಲಿನ ಸಂಖ್ಯೆಗಳು, ಅದೂ ಇಳಿಯುತ್ತಾ ಬರುತ್ತಿವೆ. ಬರ್ಲಿನ್‌ನ ಹಳೇ ಬೀದಿಗಳಲ್ಲಿ ನಂಬರ್ ಕುದುರೆ ಲಾಳದ ತರ ಸಾಗುತ್ತೆ. ಒಂದು ಬದಿಯಲ್ಲಿ ಕೊನೆವರೆಗೆ ಏರಿಕೊಂಡು ಹೋಗಿ, ಅಲ್ಲಿ ತಿರುಗಿ, ಇನ್ನೊಂದು ಬದಿಯಲ್ಲಿ ವಾಪಸ್ ಬರುತ್ತೆ. ಹಾಗಾಗಿ ಒಂದನೇ ನಂಬರಿನ ಎದುರಿಗೇ ಕೊನೇ ನಂಬರ್ ಇರುತ್ತೆ. ಎಲ್ಲಾ ಬೀದಿಯೂ ಹೀಗೇ ಇಲ್ಲ ಅನ್ನೋದೊಂದು ನೆಮ್ಮದಿ, ಹೊಸ ಬೀದಿಗಳಲ್ಲಿ ನಮ್ಮ ತರ ಸಮ-ಬೆಸ ಕೂಡ ಉಂಟು.

ನಾನು ಆ ಬೀದಿಯಲ್ಲಿ ಮೇಲೆ ಕೆಳಗೆ ಮುಕ್ಕಾಲು ಗಂಟೆ ಓಡಾಡಿದೆ. ಚಕ್ರದ ಚೀಲ ಎಳೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜಿ ಎರಡು ಸಲ ನನ್ನನ್ನು ನೋಡಿ, ಮೂರನೇ ಸಲ ನಿಂತರು. ಚೀಟಿ ತೋರಿಸಿದೆ. ಅವರು ಏನೂ ಮಾತಾಡದೆ ಮೂಲೆಯ ಕಂಬದತ್ತ ಬೆರಳು ತೋರಿಸಿದರು. ಬೀದಿ ಹೆಸರಿನ ಬೋರ್ಡಿನ ಮೇಲೆ ಚಿಕ್ಕದಾಗಿ ಆ ತುಂಡಿನಲ್ಲಿ ಯಾವ ನಂಬರಿನಿಂದ ಯಾವ ನಂಬರ್‌ವರೆಗೆ ಮನೆಗಳಿವೆ ಅಂತ ಬರೆದಿತ್ತು. ಅಷ್ಟು ಹೊತ್ತು ಅದರ ಕೆಳಗೇ ಓಡಾಡಿದ್ದೆ.

ಮನೆ ಸಿಕ್ಕಿತು ಅಂದುಕೊಂಡರೆ ಇನ್ನೊಂದು ತೊಡಕು. ಬಾಗಿಲಲ್ಲಿ ಹಿತ್ತಾಳೆಯ ಫಲಕ, ಇಪ್ಪತ್ತೈದು ಮೂವತ್ತು ಬೆಲ್. ಪ್ರತಿ ಬೆಲ್ ಪಕ್ಕ ಒಂದು ಮನೆತನದ ಹೆಸರು, ಅಷ್ಟೇ. ಫ್ಲಾಟ್ ನಂಬರ್ ಅನ್ನೋದೇ ಇಲ್ಲ. ರೂಮ್ ತೋರಿಸುವವರು ನನಗೆ ಹೇಳಿದ್ದು ಬರೀ ಅವರ ಮೊದಲ ಹೆಸರು. ಕೆಲವು ಚೀಟಿಗಳ ಇಂಕು ಮಾಸಿ ಹೋಗಿತ್ತು, ಒಂದರ ಮೇಲೆ ಇನ್ನೊಂದು ಟೇಪ್ ಅಂಟಿಸಿತ್ತು. ಯಾರದ್ದು ಒತ್ತಲಿ? ಒಳಗಿಂದ ಯಾರೋ ಹೊರಗೆ ಬರುವವರೆಗೂ ನಿಂತೇ ಇದ್ದೆ.

ಹಾಗಾಗಿ ಯಾರ ಮನೆಗೆ ಹೋಗುವುದಿದ್ದರೂ ಮೂರು ವಿಷಯ ಮೊದಲೇ ಕೇಳಿ: ಬೆಲ್ ಮೇಲೆ ಯಾವ ಹೆಸರಿದೆ, ಎಷ್ಟನೇ ಮಹಡಿ, ಮುಂದಿನ ಮನೆಯೋ ಹಿಂದಿನ ಮನೆಯೋ. ಬೀದಿಯಿಂದ ಒಂದೇ ಕಟ್ಟಡ ಕಂಡರೂ ಒಳಗೆ ಅಂಗಳ ದಾಟಿದರೆ ಹಿಂದೆ ಇನ್ನೊಂದು ಕಟ್ಟಡ ಇರುತ್ತೆ. ನಮ್ಮಲ್ಲಿ "ಆಂಜನೇಯನ ಗುಡಿ ಪಕ್ಕ, ಹಿಟ್ಟಿನ ಗಿರಣಿ ಎದುರಿಗೆ" ಅಂದರೆ ಆಗುತ್ತೆ. ಅಲ್ಲಿ ಹೆಸರೇ ವಿಳಾಸ. ನಿಮ್ಮ ಹೆಸರನ್ನೂ ಮೊದಲ ದಿನವೇ ಬೆಲ್ ಮತ್ತು ಪೋಸ್ಟ್ ಡಬ್ಬಿ ಮೇಲೆ ಅಂಟಿಸಿ. ಇಲ್ಲದಿದ್ದರೆ ಬ್ಯಾಂಕಿನ ಪತ್ರ ವಾಪಸ್ ಹೋಗುತ್ತೆ.

ಊರಿನ ಅಂದಾಜು ಬೇಗ ಸಿಗಬೇಕು ಅಂದರೆ?

ಸುತ್ತು ರೈಲು ಹತ್ತಿ. ಊರಿನ ನಡುಭಾಗವನ್ನು ಸುತ್ತುವ 37 ಕಿಲೋಮೀಟರ್ ಹಳಿ, 27 ಸ್ಟೇಷನ್, ಒಂದು ಸುತ್ತಿಗೆ ಹೆಚ್ಚು ಕಡಿಮೆ ಒಂದು ಗಂಟೆ. ಎಸ್41 ಗಡಿಯಾರದ ಮುಳ್ಳಿನ ಹಾಗೆ ಹೋಗುತ್ತೆ, ಎಸ್42 ಅದಕ್ಕೆ ಎದುರು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಹಾಗಾದರೆ 41 ಪ್ರದಕ್ಷಿಣೆ, 42 ಅಪ್ರದಕ್ಷಿಣೆ" ಅಂದರು. ಅವತ್ತಿನಿಂದ ಒಂದು ದಿನವೂ ನಾನು ತಪ್ಪು ರೈಲು ಹತ್ತಿಲ್ಲ.

ಕಿಟಕಿ ಪಕ್ಕ ಕೂತು ಪೂರ್ತಿ ಒಂದು ಸುತ್ತು ಹಾಕಿ. ಎಲ್ಲಿ ಕಾರ್ಖಾನೆ, ಎಲ್ಲಿ ಹಳೇ ಮನೆಗಳು, ಎಲ್ಲಿ ನೀರು, ಎಲ್ಲಿ ಜನ ಜಾಸ್ತಿ ಇಳಿಯುತ್ತಾರೆ, ಎಲ್ಲಾ ಕಾಣುತ್ತೆ. ಹೆಸರು ಇಷ್ಟವಾದ ಯಾವುದಾದರೂ ಸ್ಟೇಷನ್‌ನಲ್ಲಿ ಇಳಿದು ಅರ್ಧ ಗಂಟೆ ನಡೆದು ವಾಪಸ್ ಬನ್ನಿ. ರೈಲು ಸುತ್ತುತ್ತಲೇ ಇರುತ್ತೆ, ಕಳೆದು ಹೋಗುವ ಭಯ ಇಲ್ಲ.

ಮಾರನೇ ದಿನ 100ನೇ ನಂಬರ್ ಬಸ್. ಡಬಲ್ ಡೆಕರ್. ಪ್ರಾಣಿ ಸಂಗ್ರಹಾಲಯದ ಪಕ್ಕದ ಸ್ಟೇಷನ್‌ನಿಂದ ಹೊರಟು ಸಂಸತ್ ಭವನ, ಬ್ರಾಂಡೆನ್‌ಬುರ್ಗ್ ಬಾಗಿಲು ಎಲ್ಲಾ ದಾಟಿ ಅಲೆಕ್ಸಾಂಡರ್‌ಪ್ಲಾಟ್ಸ್ ತನಕ ಹೋಗುತ್ತೆ. ಊರನ್ನು ಎರಡಾಗಿ ಸೀಳಿದ್ದ ಗೋಡೆ ಬಿದ್ದ ಮೇಲೆ 1990ರಲ್ಲಿ ಪೂರ್ವ-ಪಶ್ಚಿಮ ಎರಡನ್ನೂ ಮತ್ತೆ ಸೇರಿಸಿದ ಬಸ್ ಇದು. ಟೂರಿಸ್ಟ್ ಬಸ್ಸಿಗೆ ದುಡ್ಡು ಕೊಡಬೇಡಿ, ನಿಮ್ಮ ಮಾಮೂಲಿ ಟಿಕೆಟ್ಟೇ ಇದಕ್ಕೆ ನಡೆಯುತ್ತೆ. ಮೇಲಿನ ಮಹಡಿಯ ಮುಂದಿನ ಸೀಟಿಗೆ ಬೆಳಗ್ಗೆ ಬೇಗ ಹೋಗಿ.

ಬರ್ಲಿನ್ ಗೋಡೆ ಇನ್ನೂ ಇದೆಯಾ?

ಚೂರು ಚೂರು ಇದೆ. ಬಣ್ಣದ ಚಿತ್ರಗಳಿರುವ 1.3 ಕಿಲೋಮೀಟರ್ ಉದ್ದದ ಗೋಡೆಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ನೆಲದ ಮೇಲಿನ ಗೆರೆ. ಗೋಡೆ ಇದ್ದ ಜಾಗದಲ್ಲಿ ರಸ್ತೆಗೆ ಎರಡು ಸಾಲು ಕಲ್ಲು ಜೋಡಿಸಿದ್ದಾರೆ. ಅಲ್ಲಲ್ಲಿ ಒಂದು ಲೋಹದ ಪಟ್ಟಿ, ಅದರ ಮೇಲೆ "ಬರ್ಲಿನರ್ ಮೌವರ್ 1961–1989" ಅಂತ ಅಚ್ಚಾಗಿದೆ. ಕಾರುಗಳು ಅದರ ಮೇಲೇ ಹೋಗುತ್ತವೆ. ಒಂದು ಮಧ್ಯಾಹ್ನ ಪೂರ್ತಿ ಆ ಗೆರೆ ಹಿಡಿದು ನಡೆದೆ, ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ.

ಬೆರ್ನೌವರ್ ಬೀದಿಗೆ ತಪ್ಪದೆ ಹೋಗಿ. ಅಲ್ಲಿ ಮನೆಗಳು ಪೂರ್ವದಲ್ಲಿದ್ದವು, ಮನೆ ಮುಂದಿನ ಫುಟ್‌ಪಾತ್ ಪಶ್ಚಿಮದ್ದು. 1961ರಲ್ಲಿ ಗೋಡೆ ಎದ್ದಾಗ ಜನ ಕಿಟಕಿಯಿಂದ ಜಿಗಿದು ದೇಶ ದಾಟಿದರು, ಕೆಲವರು ಬಿದ್ದು ಸತ್ತರು. ಈಗ ಅಲ್ಲಿ ಸ್ಮಾರಕ ಇದೆ, ಪ್ರವೇಶ ಉಚಿತ. ಹುಲ್ಲಿನ ಮೇಲೆ ಕೂತು ನಮ್ಮ ಬೀದಿಯನ್ನು ನೆನೆಸಿಕೊಂಡೆ. ಎದುರು ಮನೆ ಅಜ್ಜಿಗೆ ಮಜ್ಜಿಗೆ ಕೊಡೋಕೆ ರಸ್ತೆ ದಾಟಿದರೆ ಗುಂಡು ಹೊಡೆಯುತ್ತಾರೆ ಅಂದರೆ ಹೇಗಿರುತ್ತೆ?

ಹಳೇ ಪೂರ್ವ ಯಾವುದು, ಪಶ್ಚಿಮ ಯಾವುದು ಅಂತ ಗುರುತಿಸೋಕೆ ಟ್ರಾಮ್ ನೋಡಿ. ಪಶ್ಚಿಮ ಬರ್ಲಿನ್ 1967ರಲ್ಲಿ ಟ್ರಾಮ್ ನಿಲ್ಲಿಸಿಬಿಟ್ಟಿತು, ಪೂರ್ವದಲ್ಲಿ ಉಳಿಯಿತು. ಈಗಲೂ ಟ್ರಾಮ್ ಹಳಿ ಜಾಸ್ತಿ ಇರುವುದು ಪೂರ್ವದಲ್ಲೇ. ಸಿಗ್ನಲ್‌ನಲ್ಲಿ ಟೋಪಿ ಹಾಕಿದ ಹಸಿರು ಪುಟಾಣಿ ಮನುಷ್ಯ ಕಾಣುತ್ತಾನಲ್ಲ, ಅವನೂ ಪೂರ್ವದವನೇ. 1961ರಲ್ಲಿ ಕಾರ್ಲ್ ಪೆಗ್ಲೌ ರೂಪಿಸಿದ್ದು. ಈಗ ಎರಡೂ ಕಡೆ ಇದ್ದಾನೆ.

ಫುಟ್‌ಪಾತ್‌ನಲ್ಲಿ ಅಂಗೈ ಅಗಲದ ಹಿತ್ತಾಳೆ ಚೌಕಗಳು ಕಂಡರೆ ಒಂದು ಕ್ಷಣ ನಿಲ್ಲಿ. "ಇಲ್ಲಿ ವಾಸವಿದ್ದರು" ಅಂತ ಶುರುವಾಗಿ ಒಂದು ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದರು ಅನ್ನುವುದು ಇರುತ್ತೆ. ನಾಜಿಗಳಿಗೆ ಬಲಿಯಾದವರ ಮನೆ ಮುಂದೆ ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದರು ಶುರು ಮಾಡಿದ ಕೆಲಸ ಇದು. ನನ್ನ ಮನೆ ಬಾಗಿಲ ಮುಂದೆಯೇ ನಾಲ್ಕು ಇವೆ, ಒಂದೇ ಮನೆತನದ್ದು. ಯಹೂದಿಗಳ ನೆನಪಿಗೆ 2,711 ಕಾಂಕ್ರೀಟ್ ದಿಂಡುಗಳನ್ನು ನಿಲ್ಲಿಸಿರುವ ಜಾಗಕ್ಕೂ ಹೋಗಿ. ದಯವಿಟ್ಟು ಅವುಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ.

ರಸ್ತೆ ದಾಟುವಾಗ?

ಮೊದಲು ಎಡಕ್ಕೆ ನೋಡಿ. ವಾಹನಗಳು ಬಲಬದಿಯಲ್ಲಿ ಹೋಗುತ್ತವೆ. ನಮ್ಮ ಕುತ್ತಿಗೆ ಅಭ್ಯಾಸದಿಂದ ಬಲಕ್ಕೇ ತಿರುಗುತ್ತೆ. ಇದು ನಿಜವಾಗಲೂ ಅಪಾಯ. ಫುಟ್‌ಪಾತ್ ಪಕ್ಕ ಕೆಂಪು ಕಲ್ಲಿನ ಪಟ್ಟಿ ಇದ್ದರೆ ಅದು ಸೈಕಲ್ ದಾರಿ, ಅಲ್ಲಿ ನಿಂತು ಮ್ಯಾಪ್ ನೋಡಬೇಡಿ.

ವಿಳಾಸ ನೋಂದಣಿ ಅಂತ ಏನೋ ಇದೆಯಲ್ಲ?

"ಆನ್‌ಮೆಲ್ಡುಂಗ್". ಮನೆಗೆ ಸೇರಿದ ಎರಡು ವಾರದೊಳಗೆ ಸರ್ಕಾರಿ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಮನೆ ಮಾಲೀಕರು ಸಹಿ ಹಾಕಿದ ಕಾಗದ ಬೇಕು. ಅದನ್ನು ಕೊಡಲ್ಲ ಅನ್ನುವವರ ರೂಮ್ ತಗೋಬೇಡಿ, ಮನೆ ನೋಡುವ ಮೊದಲೇ ದುಡ್ಡು ಕೇಳುವವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಬ್ಯಾಂಕು, ತೆರಿಗೆ ನಂಬರ್ ಎಲ್ಲದಕ್ಕೂ ಈ ನೋಂದಣಿಯೇ ಬುಡ.

ಅಪಾಯಿಂಟ್‌ಮೆಂಟ್ ಸುಲಭವಾಗಿ ಸಿಗಲ್ಲ. ಆದರೆ ಬರ್ಲಿನ್‌ನ 12 ಜಿಲ್ಲೆಗಳಲ್ಲಿ ಯಾವ ಕಚೇರಿಯಲ್ಲಾದರೂ ಮಾಡಿಸಬಹುದು. ಮನೆ ಹತ್ತಿರದ್ದೇ ಬೇಕು ಅಂತ ಕಾಯಬೇಡಿ, ದೂರದ್ದು ಸಿಕ್ಕರೆ ಖುಷಿಯಿಂದ ಹೋಗಿ. ನನಗೆ ಸಿಕ್ಕಿದ್ದು ಊರಿನ ಆಗ್ನೇಯ ತುದಿಯ ಕೋಪೆನಿಕ್. ಕೆಲಸ ಹದಿನೈದು ನಿಮಿಷದಲ್ಲಿ ಮುಗಿಯಿತು, ಇಡೀ ದಿನ ಉಳಿಯಿತು. ಎರಡು ನದಿ ಸೇರುವ ಜಾಗದಲ್ಲಿ ಹಳೇ ಪೇಟೆ, ಇಟ್ಟಿಗೆ ಬಣ್ಣದ ಟೌನ್ ಹಾಲ್, ಅದರ ಬಾಗಿಲಲ್ಲಿ ಒಬ್ಬ ಸೈನಿಕನ ಪ್ರತಿಮೆ. ನಿಜಕ್ಕೂ ಅವನು ಸೈನಿಕನೇ ಅಲ್ಲ. ವಿಲ್‌ಹೆಲ್ಮ್ ಫೋಯ್ಟ್ ಅನ್ನುವ ಚಪ್ಪಲಿ ಹೊಲಿಯುವವನು. 1906ರಲ್ಲಿ ಹಳೇ ಕ್ಯಾಪ್ಟನ್ ಸಮವಸ್ತ್ರ ತೊಟ್ಟು, ದಾರಿಯಲ್ಲಿ ಸಿಕ್ಕ ಸಿಪಾಯಿಗಳಿಗೆ ಹುಕುಂ ಕೊಟ್ಟು, ಮೇಯರನ್ನೇ ಬಂಧಿಸಿ ಖಜಾನೆ ದುಡ್ಡು ಎತ್ತಿಕೊಂಡು ಹೋದ. ನನಗೊಂದು ಪಾಸ್‌ಪೋರ್ಟ್ ಬೇಕಿತ್ತು ಅಂತ ಆಮೇಲೆ ಹೇಳಿದನಂತೆ. ಕಾಗದ ಪತ್ರಕ್ಕಾಗಿ ಅಲೆಯುತ್ತಿದ್ದ ದಿನಗಳಲ್ಲಿ ಆ ಪ್ರತಿಮೆ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ತಿಪಟೂರಿನಿಂದ ಒಬ್ಬ ತಂದೆ ಕೇಳಿದ್ದು: ಮಗಳು ಸಂಜೆ ಮೇಲೆ ಒಬ್ಬಳೇ ಓಡಾಡಬಹುದಾ, ತಾಯಿ?

ಓಡಾಡಬಹುದು ಅಂಕಲ್, ನಾನು ಓಡಾಡುತ್ತೇನೆ. ಆದರೆ ಏನೂ ಆಗಲ್ಲ ಅಂತ ಸುಮ್ನೆ ಹೇಳಲ್ಲ. ಅಲೆಕ್ಸಾಂಡರ್‌ಪ್ಲಾಟ್ಸ್‌ನಂಥ ಜನ ತುಂಬಿದ ಕಡೆ ಜೇಬುಗಳ್ಳರು ಇದ್ದಾರೆ, ಬ್ಯಾಗ್ ಮುಂದಕ್ಕೆ ಹಾಕಿಕೊಳ್ಳಬೇಕು. ಪ್ರವಾಸಿಗಳು ಬರುವ ಜಾಗದಲ್ಲಿ ಸಹಿ ಹಾಕಿ ಅಂತ ಹಲಗೆ ಹಿಡಿದು ಬರುವವರ ಹತ್ತಿರ ನಿಲ್ಲಬಾರದು. ರಾತ್ರಿ ರೈಲಿನಲ್ಲಿ ಖಾಲಿ ಬೋಗಿ ಬಿಟ್ಟು ಜನ ಇರುವ ಬೋಗಿ ಹತ್ತಬೇಕು. ಶುಕ್ರವಾರ, ಶನಿವಾರ ರಾತ್ರಿ ಸುರಂಗ ರೈಲು ಬೆಳಗಿನವರೆಗೂ ಇರುತ್ತೆ. ಬೇರೆ ದಿನ "ಎನ್" ಅಕ್ಷರದ ರಾತ್ರಿ ಬಸ್ಸುಗಳಿವೆ. ಪೊಲೀಸರಿಗೆ 110, ಆಂಬುಲೆನ್ಸ್ ಮತ್ತು ಬೆಂಕಿಗೆ 112.

ಕತ್ತಲ ಬಗ್ಗೆ ಒಂದು ಮಾತು. ನಮ್ಮಲ್ಲಿ ವರ್ಷವಿಡೀ ಆರರಿಂದ ಏಳರ ಆಸುಪಾಸಿಗೆ ಕತ್ತಲಾಗುತ್ತೆ. ಅಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತೆ. ಮಗಳು ಕತ್ತಲಲ್ಲಿ ಹೊರಗಿದ್ದಾಳೆ ಅಂದರೆ ರಾತ್ರಿಯಾಗಿದೆ ಅಂತ ಅಲ್ಲ. ಕಾಲೇಜು ಬಿಟ್ಟು ಬರುವ ಹೊತ್ತು ಅಷ್ಟೇ.

ಊಟಕ್ಕೆ ಏನು ತಗೊಂಡು ಹೋಗಲಿ? ಅಮ್ಮ ತುಪ್ಪ ಕಾಯಿಸಿಟ್ಟಿದ್ದಾರೆ.

ತುಪ್ಪ ಮನೆಯಲ್ಲೇ ಬಿಡಿ, ನೋವಾದರೂ ಪರವಾಗಿಲ್ಲ. ಹೊರದೇಶದಿಂದ ಬರುವವರು ಮಾಂಸ, ಹಾಲು ಮತ್ತು ಹಾಲಿನ ಪದಾರ್ಥ ತರುವ ಹಾಗಿಲ್ಲ. ಪೇಡ, ಪನೀರ್ ಕೂಡ ಇಲ್ಲ. ಕರಿಬೇವು, ಹಣ್ಣು, ತರಕಾರಿಗೂ ಪ್ರಮಾಣಪತ್ರ ಬೇಕು. ಅದಿಲ್ಲದೆ ಬಿಡುವುದು ಐದೇ ಹಣ್ಣು: ಅನಾನಸ್, ಬಾಳೆ, ಖರ್ಜೂರ, ಡುರಿಯನ್, ತೆಂಗಿನಕಾಯಿ. ತಿಪಟೂರಿನವರಿಗೆ ಇದನ್ನು ಹೇಳಿದರೆ ಮುಖ ಅರಳುತ್ತೆ!

ಸಾರಿನ ಪುಡಿ, ರಾಗಿ ಹಿಟ್ಟು, ಹುಣಸೆಹಣ್ಣು ಸಾಕು. ತುಪ್ಪದ ಬದಲು ಅಲ್ಲಿ "ಬುಟರ್‌ಶ್ಮಾಲ್ಟ್ಸ್" ಸಿಗುತ್ತೆ, ಅದು ಬೆಣ್ಣೆ ಕಾಯಿಸಿದ್ದೇ. ಆದರೆ ಬರೀ "ಶ್ಮಾಲ್ಟ್ಸ್" ಅಂತಿದ್ದರೆ ಸಾಮಾನ್ಯವಾಗಿ ಅದು ಹಂದಿ ಕೊಬ್ಬು. ತಿನ್ನದವರು ಎರಡು ಸಲ ಓದಿ ತಗೊಳ್ಳಿ. ರಾಗಿ ಹಿಟ್ಟು ಖಾಲಿಯಾದರೆ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ "ಕುರಕ್ಕನ್" ಅಂತ ಕೇಳಿ.

ಮಂಗಳವಾರ ಮತ್ತು ಶುಕ್ರವಾರ ಮೈಬಾಖ್ ದಂಡೆಯ ಕಾಲುವೆ ಪಕ್ಕ ಟರ್ಕಿಯವರ ಸಂತೆ ಸೇರುತ್ತೆ. ಮೊದಲ ಸಲ ಹೋದಾಗ ಕೂಗಾಟ ಕೇಳಿ ಅಂತರಸನಹಳ್ಳಿ ಮಾರುಕಟ್ಟೆಗೇ ಬಂದೆ ಅನ್ನಿಸಿತು. ಕೊತ್ತಂಬರಿ ಕಟ್ಟು ದಪ್ಪಗೆ, ಹಸಿಮೆಣಸಿನಕಾಯಿ ರಾಶಿ, ಬದನೆಕಾಯಿ. ಸಂಜೆ ಸಂತೆ ಏಳುವ ಹೊತ್ತಿಗೆ ಬೆಲೆ ಇಳಿಸಿ ಕೊಡುತ್ತಾರೆ.

ರೂಮಿನಲ್ಲಿ ಏನಾದರೂ ಎಚ್ಚರ ವಹಿಸಬೇಕಾ?

ಕೀಲಿ ಜೇಬಿನಲ್ಲಿಲ್ಲದೆ ಹೊಸ್ತಿಲು ದಾಟಬೇಡಿ. ಅಲ್ಲಿನ ಬಾಗಿಲಿಗೆ ಹೊರಗಡೆ ತಿರುಗಿಸುವ ಹಿಡಿ ಇರುವುದಿಲ್ಲ. ಎಳೆದುಕೊಂಡರೆ ಮುಗಿಯಿತು. ಎರಡನೇ ರಾತ್ರಿ ನಾನು ಕಸ ಹಾಕೋಕೆ ಅಂತ ಚಪ್ಪಲಿಯಲ್ಲೇ ಇಳಿದೆ. ವಾಪಸ್ ಬಂದರೆ ಬಾಗಿಲು ಬಿದ್ದಿತ್ತು. ಫೋನು, ಕೀಲಿ, ಸ್ವೆಟರ್ ಎಲ್ಲಾ ಒಳಗೆ. ಬೀಗ ತೆಗೆಯುವವರನ್ನು ರಾತ್ರಿ ಕರೆಸಿದರೆ ನೂರಾರು ಯೂರೋ ಆಗಬಹುದು. ಎದುರು ರೂಮಿನ ವಿಯೆಟ್ನಾಂ ಹುಡುಗಿ ತನ್ನ ಚಾಪೆ ಬಿಟ್ಟುಕೊಟ್ಟಳು, ಬೆಳಗ್ಗೆ ಹಾಸ್ಟೆಲ್ ನೋಡಿಕೊಳ್ಳುವವರು ಬಂದು ತೆಗೆದರು. ಈಗ ಅವಳು ನನ್ನ ಹತ್ತಿರದ ಗೆಳತಿ.

ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆರೆಯಿರಿ, ರೂಮಿನ ಬಾಗಿಲು ಮುಚ್ಚಿ. ಚಾವಣಿಯಲ್ಲಿರುವ ಹೊಗೆ ಅಲಾರಂ ಸಾಸಿವೆ ಸಿಡಿಯುವ ಹೊಗೆಗೂ ಕೂಗುತ್ತೆ. ರಾತ್ರಿ ಹತ್ತರ ಮೇಲೆ ಮಿಕ್ಸಿ ಬೇಡ.

ಜರ್ಮನ್ ಬರದೆ ನಡೆಯುತ್ತಾ?

ಮೊದಲ ದಿನಗಳಿಗೆ ನಡೆಯುತ್ತೆ. ಅಂಗಡಿಗೆ ಹೋದಾಗ "ಹಲೋ", ಹೊರಡುವಾಗ "ಚ್ಯೂಸ್", ಯಾರನ್ನಾದರೂ ನಿಲ್ಲಿಸುವಾಗ "ಎಂಟ್‌ಶುಲ್ಡಿಗುಂಗ್". ಈ ಮೂರು ಹೇಳಿದರೆ ಜನ ಬೇರೆ ತರವೇ ಮಾತಾಡಿಸುತ್ತಾರೆ. ಆದರೆ ಕಲಿಯೋದನ್ನು ಮುಂದೂಡಬೇಡಿ. ಬೆಂಗಳೂರಿನ ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಇದೆ, ತುಮಕೂರಿನಿಂದ ರೈಲಿನಲ್ಲಿ ಹೋಗಿ ಬಂದು ಕಲಿತವರಿದ್ದಾರೆ.

ಖರ್ಚು?

ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಆ ಖಾತೆಯ ದುಡ್ಡು ಇಳಿದ ದಿನವೇ ಕೈಗೆ ಬರಲ್ಲ, ಮೊದಲ ವಾರಗಳಿಗೆ ಬೇರೆ ದುಡ್ಡು ಇರಲಿ. ಖಾಲಿ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ. ತಗೊಳ್ಳುವಾಗ 25 ಸೆಂಟ್ ಜಾಸ್ತಿ ಕೊಟ್ಟಿರುತ್ತೀರಿ, ಸೂಪರ್ ಮಾರ್ಕೆಟ್ಟಿನ ಮಷೀನಿಗೆ ಹಾಕಿದರೆ ವಾಪಸ್ ಬರುತ್ತೆ.

ಮನೆ ನೆನಪಾದರೆ ಏನು ಮಾಡಲಿ?

ಆಗುತ್ತೆ. ನನಗೆ ಮೂರನೇ ದಿನ ಸಂಜೆ ಬಂತು, ಗಂಟಲು ಕಟ್ಟಿದಂತಾಯಿತು. ರೂಮಿನಲ್ಲಿ ಕೂರಬೇಡಿ. ಟೆಂಪೆಲ್‌ಹೋಫ್ ಮೈದಾನಕ್ಕೆ ಹೋಗಿ. ಅದು ಮೊದಲು ವಿಮಾನ ನಿಲ್ದಾಣವಾಗಿತ್ತು, 2008ರಲ್ಲಿ ಮುಚ್ಚಿದರು, 2010ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಅಲ್ಲಿ ಕಟ್ಟಡ ಕಟ್ಟಬಾರದು ಅಂತ 2014ರಲ್ಲಿ ಊರಿನವರೇ ಓಟು ಹಾಕಿ ಉಳಿಸಿಕೊಂಡರು. ವಿಮಾನ ಓಡುತ್ತಿದ್ದ ರನ್‌ವೇ ಮೇಲೆ ಮಕ್ಕಳು ಸೈಕಲ್ ಕಲಿಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ಅಷ್ಟು ದೊಡ್ಡ ಆಕಾಶ ಊರ ನಡುವೆ ಬೇರೆಲ್ಲೂ ಕಾಣಲ್ಲ. ನಮ್ಮ ಅಮಾನಿಕೆರೆ ಏರಿ ಮೇಲೆ ಸಂಜೆ ಗಾಳಿಗೆ ನಡೆದವರಿಗೆ ಅಲ್ಲಿ ಉಸಿರು ಸಲೀಸಾಗುತ್ತೆ. ದೇವಸ್ಥಾನ ಬೇಕು ಅನ್ನಿಸಿದರೆ ಬ್ರಿಟ್ಜ್‌ನಲ್ಲಿ ತಮಿಳರು ಕಟ್ಟಿದ ಮುರುಗನ ಗುಡಿ ಇದೆ.

ಫೋನ್ ಮಾಡುವ ಹೊತ್ತನ್ನು ಮನೆಯವರ ಜೊತೆ ಮೊದಲೇ ಗೊತ್ತು ಮಾಡಿಕೊಳ್ಳಿ. ಅಕ್ಟೋಬರ್ ಆರಂಭದಲ್ಲಿ ನಾವು ಮೂರೂವರೆ ಗಂಟೆ ಮುಂದಿರುತ್ತೇವೆ. ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ, ಅಲ್ಲಿಂದ ನಾಲ್ಕೂವರೆ ಗಂಟೆ. ನಾನು ಅದನ್ನು ಹೇಳೋಕೆ ಮರೆತಿದ್ದೆ. ಅವತ್ತು ಅಮ್ಮ ಒಂಬತ್ತೂವರೆಗೆ ಬರಬೇಕಾದ ಫೋನಿಗೆ ಹತ್ತೂವರೆವರೆಗೆ ಹಾಲ್‌ನಲ್ಲಿ ಕೂತೇ ಇದ್ದರಂತೆ.

ಪೂರ್ತಿ ದಾರಿ ತಪ್ಪಿದರೆ?

ತಲೆ ಎತ್ತಿ ಟಿವಿ ಗೋಪುರ ಹುಡುಕಿ. 368 ಮೀಟರ್ ಎತ್ತರ, ನಡುವೆ ಒಂದು ದೊಡ್ಡ ಬೆಳ್ಳಿ ಗುಂಡು, ರಾತ್ರಿ ತುದಿಯಲ್ಲಿ ಕೆಂಪು ದೀಪ ಮಿನುಗುತ್ತೆ. ಊರಿನ ಬಹಳಷ್ಟು ಕಡೆಯಿಂದ ಬೀದಿ ತುದಿಯಲ್ಲೋ ಮನೆಗಳ ಸಂದಿನಲ್ಲೋ ಕಾಣುತ್ತೆ. ಬೆಂಗಳೂರಿನಿಂದ ಬರುವಾಗ ಡಾಬಸ್‌ಪೇಟೆ ಹತ್ತಿರ ಶಿವಗಂಗೆ ಬೆಟ್ಟ ಕಂಡರೆ ಇನ್ನೇನು ತುಮಕೂರು ಬಂತು ಅಂತ ಬ್ಯಾಗ್ ಕೆಳಗಿಳಿಸುತ್ತೇವಲ್ಲ, ನನಗೆ ಈಗ ಆ ಗೋಪುರ ಹಾಗೇ. ಅದರ ಬುಡದಲ್ಲೇ ಅಲೆಕ್ಸಾಂಡರ್‌ಪ್ಲಾಟ್ಸ್ ಸ್ಟೇಷನ್. ಯು2, ಯು5, ಯು8 ಸುರಂಗ ರೈಲುಗಳು, ಜೊತೆಗೆ ಎಸ್ ರೈಲುಗಳು. ಅಲ್ಲಿಗೆ ತಲುಪಿದರೆ ಮನೆ ಕಡೆಗೆ ಒಂದು ರೈಲು ಸಿಕ್ಕೇ ಸಿಗುತ್ತೆ. ಹತ್ತುವ ಮುಂಚೆ ಟಿಕೆಟ್‌ಗೆ ಮುದ್ರೆ ಒತ್ತಿಸಿ.